ಉದ್ದನಪಲ್ಲಿಯಲ್ಲಿ ಉಳಿದ ಒಂದು ರಾಣಿಕೋಶ

ಶನಿವಾರ ಬೆಳಗ್ಗೆ ಐದೂಮುಕ್ಕಾಲಿಗೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಿಂತಾಗ ನನ್ನ ಹೆಗಲಿಗೆ ಒಂದು ಬಟ್ಟೆಚೀಲವಿತ್ತು, ಕಾಲ ಬಳಿ ಖಾಲಿ ಜೇನುಪೆಟ್ಟಿಗೆಯೊಂದಿತ್ತು. ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಕಟ್ಟಿ, ಮೇಲೆ ಹಿಡಿದುಕೊಳ್ಳಲು ಬರುವಂತೆ ಗಂಟು ಹಾಕಿದ್ದೆ. ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟವಳಿಗೆ ಗಂಟು ಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಜೇನು ಸಾಕುವುದನ್ನು ಮಾತ್ರ ಇನ್ನಷ್ಟು ಹೇಳಿಸಿಕೊಳ್ಳಬೇಕಿತ್ತು. ಮೂರು ದಿನದ ತರಬೇತಿಗೆ ಹೋಗಿ ಬಂದು, ಎಲ್ಲ ತಿಳಿದವಳ ಹಾಗೆ ತಾರಸಿಯ ಮೇಲೆ ಪೆಟ್ಟಿಗೆ ಇಟ್ಟಿದ್ದೆ. ಮೊದಲ ವರ್ಷ ಹುಳು ತುಂಬಿ ತುಳುಕಿದವು. ಎರಡನೇ ವರ್ಷ ಒಂದು ಮಧ್ಯಾಹ್ನ ರಾಣಿಯ ಜೊತೆ ಅರ್ಧ ಹುಳು ಎದ್ದು ಹೋದವು. ವಾರದ ಮೇಲೆ ಉಳಿದುದರಲ್ಲಿ ಮತ್ತರ್ಧ ಹೋದವು. ಕೊನೆಗೆ ಉಳಿದ ಒಂದು ಹಿಡಿಯನ್ನು ಇರುವೆಗಳು ಮುಗಿಸಿದವು. ಮನೆ ತುಂಬಿ ಜಾಗ ಸಾಲದಾದಾಗ ಹೀಗೆ ಬೇರೆಯಾಗಿ ಹೊರಡುವುದನ್ನು ಜೇನು ಸಾಕುವವರು ‘ಪಾಲಾಗುವುದು’ ಅನ್ನುತ್ತಾರೆ. ನನಗೆ ಪೆಟ್ಟಿಗೆಯಷ್ಟೇ ಉಳಿಯಿತು.

ಈಗ ಹೊರಟಿದ್ದು ನಾದಿನಿ ಮಂಜುಳೆಯ ಊರಿಗೆ. ಅವಳನ್ನು ಹೊಸೂರಿನಾಚೆ ಉದ್ದನಪಲ್ಲಿಗೆ ಕೊಟ್ಟು ಹದಿನೆಂಟು ವರ್ಷವಾಯಿತು. ಮೂರು ವಾರದ ಹಿಂದೆ ಫೋನು ಮಾಡಿದ್ದಳು. “ಅತ್ತಿಗೆ, ಪೆಟ್ಗೆ ತುಂಬೋಗದೆ. ಒಂದ್ನ ಎಲ್ಡು ಮಾಡಣ. ಒಂದು ನಿಮ್ಗೆ, ಖಾಲಿ ಪೆಟ್ಗೆ ತಗಂಡ್ ಬನ್ನಿ” ಅಂದಿದ್ದಳು. ಒಪ್ಪಿಕೊಂಡಿದ್ದ ರವಿಕೆಗಳನ್ನೆಲ್ಲ ರಾತ್ರಿ ಹಗಲು ಹೊಲಿದು ಕೊಟ್ಟು, ಅಂಗಡಿಗೆ ಮೂರು ದಿನ ಬೀಗ ಹಾಕಿ ಬಂದಿದ್ದೆ.

ಮೆಜೆಸ್ಟಿಕ್ಕಿನಿಂದ ಅತ್ತಿಬೆಲೆಗೆ ಹೋಗುವ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಪೆಟ್ಟಿಗೆಗೆ ಇತ್ತು. ಕಂಡಕ್ಟರು ಇಪ್ಪತ್ತು ರೂಪಾಯಿಯ ಲಗೇಜು ಚೀಟಿ ಹರಿಯುತ್ತ “ಏನಮ್ಮ ಅದ್ರಲ್ಲಿ?” ಅಂದರು. ಜೇನುಪೆಟ್ಟಿಗೆ ಅಂದದ್ದೇ ತಡ, ಪಕ್ಕದಲ್ಲಿದ್ದ ಹುಡುಗಿ ಎದ್ದು ಹಿಂದಿನ ಸೀಟಿಗೆ ಹೋದಳು. ಖಾಲಿ ಪೆಟ್ಟಿಗೆ ಅಂತ ಇಡೀ ಬಸ್ಸಿಗೆ ಕೇಳುವಂತೆ ಹೇಳಬೇಕಾಯಿತು.

“ಖಾಲಿ ಪೆಟ್ಟಿಗೆ ಹೊತ್ಕೊಂಡು ಅಷ್ಟು ದೂರ ಯಾಕಮ್ಮ?”

“ತುಂಬಿಸ್ಕೊಂಡು ಬರೋಕೆ.”

“ಬರೋವಾಗ ದಯವಿಟ್ಟು ನನ್ ಬಸ್ ಹತ್ಬೇಡಿ” ಅಂದರು. ಸಿಲ್ಕ್ ಬೋರ್ಡು ದಾಟುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಹಿಂದಿನ ಸೀಟಿಗೆ ಹೋದ ಹುಡುಗಿ ಅಷ್ಟರಲ್ಲಿ ನಿದ್ದೆ ಹೋಗಿದ್ದಳು.

ಅತ್ತಿಬೆಲೆಯಲ್ಲಿ ಇಳಿದು, ಗಡಿ ದಾಟುವ ಬಸ್ಸಿಗೆ ದುಡ್ಡು ಕೊಟ್ಟು, ಹತ್ತು ಗಂಟೆಗೆ ಹೊಸೂರು ತಲುಪಿದೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಪೊಂಗಲ್ಲು, ವಡೆ, ಕಾಫಿ ಆಯಿತು. ಮಾಣಿ ತಮಿಳಿನಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಅವನು ಅದನ್ನು ತೆಲುಗಿನಲ್ಲಿ ಒಳಗೆ ಕೂಗಿದ. ಬಂದದ್ದು ನಾನು ಹೇಳಿದ್ದೇ. ಹೊರಗೆ ಕಾರ್ಖಾನೆಯ ಬಸ್ಸುಗಳು ಸಾಲಾಗಿ ನಿಂತಿದ್ದವು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು ಬೈಕುಗಳಲ್ಲಿ ಒಬ್ಬರನ್ನೊಬ್ಬರು ತಿವಿಯುವ ಹಾಗೆ ಹೋಗುತ್ತಿದ್ದರು. ರಾಯಕೋಟೆಯ ಕಡೆಗೆ ಹೋಗುವ ಟೌನ್ ಬಸ್ಸಿನಲ್ಲಿಯೂ ಹೆಂಗಸರಿಗೆ ಪುಕ್ಕಟೆ. ಎರಡು ರಾಜ್ಯದಲ್ಲೂ ನನಗಿಲ್ಲದ ಬೆಲೆ ನನ್ನ ಪೆಟ್ಟಿಗೆಗಿತ್ತು.

ಹೊಸೂರಿನಿಂದ ಉದ್ದನಪಲ್ಲಿಗೆ ಇಪ್ಪತ್ತು ಕಿಲೋಮೀಟರು ಇರಬಹುದು. ಬಸ್ಸು ಐವತ್ತು ನಿಮಿಷ ತೆಗೆದುಕೊಂಡಿತು. ಊರು ಬಿಟ್ಟ ಮೇಲೆ ಗುಲಾಬಿಯ ಪ್ಲಾಸ್ಟಿಕ್ ಮನೆಗಳು, ಆಮೇಲೆ ಟೊಮೇಟೊ, ಕೋಸು, ನಡುನಡುವೆ ಮಾವಿನ ತೋಪುಗಳು. ಫೆಬ್ರವರಿಯ ಮೊದಲ ವಾರವಾದ್ದರಿಂದ ಮಾವು ಹೂ ಬಿಟ್ಟಿತ್ತು. ಕಿಟಕಿಯಿಂದ ಬರುವ ಗಾಳಿಗೆ ಅದೇ ವಾಸನೆ. ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಇಂಥ ಹೂವಿನ ಕಾಲದಲ್ಲೇ ಜೇನು ಹೊಟ್ಟೆ ತುಂಬಿ, ಮನೆ ತುಂಬಿ, ಪಾಲಾಗುವ ಯೋಚನೆ ಮಾಡುವುದು. ನನಗೆ ಖುಷಿಯೂ ಆಯಿತು, ಸ್ವಲ್ಪ ಅವಸರವೂ ಆಯಿತು.

ಮಂಜುಳೆ ರಸ್ತೆಗೇ ಬಂದು ನಿಂತಿದ್ದಳು. ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಲೆಯ ಮೇಲಿಟ್ಟುಕೊಂಡಳು. ಮನೆಯಲ್ಲಿ ಅವಳ ಅತ್ತೆ ಪಾಪಮ್ಮ ಮುದ್ದೆ, ಅವರೆಕಾಳು ಸಾರು ಮಾಡಿ ಕಾಯುತ್ತಿದ್ದರು. ಎಪ್ಪತ್ತು ದಾಟಿದ ಪಾಪಮ್ಮ ಮಗನ ಜೊತೆ ಕನ್ನಡ, ನೆರೆಯವರ ಜೊತೆ ತೆಲುಗು, ಪಡಿತರ ಅಂಗಡಿಯಲ್ಲಿ ತಮಿಳು ಆಡುತ್ತಾರೆ. ಕೋಳಿಗಳ ಜೊತೆ ಮೂರನ್ನೂ ಸೇರಿಸಿ ಬಯ್ಯುತ್ತಾರೆ. ಅವರ ಮಗ ಶೀನಪ್ಪ ಹೊಸೂರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾನೆ. ಸಾಲಿನಲ್ಲಿ ಬರುವ ತುಂಡುಗಳನ್ನು ನೋಡಿ ಸರಿಯಿಲ್ಲದ್ದನ್ನು ತೆಗೆದು ಹಾಕುವುದು ಅವನ ಕೆಲಸ. ಹನ್ನೆರಡು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಕೆಟ್ಟ ತುಂಡೂ ಹೋಗಿಲ್ಲವೆಂದು ಹೆಂಡತಿಯ ಬಾಯಲ್ಲಿ ನೂರು ಸಲ ಕೇಳಿದ್ದೇನೆ.

ಉಂಡು ಹಿತ್ತಲಿಗೆ ಹೋದೆವು. ನುಗ್ಗೆ ಮರದ ಕೆಳಗೆ, ನೀರು ತುಂಬಿದ ನಾಲ್ಕು ಬಟ್ಟಲುಗಳಲ್ಲಿ ಕಾಲಿಟ್ಟು ಪೆಟ್ಟಿಗೆ ನಿಂತಿತ್ತು. ಬಾಗಿಲಿನ ತುಂಬ ಹುಳು. ಒಳಗೆ ಜಾಗವಿಲ್ಲದೆ ಒಂದಷ್ಟು ಹೊರಗೇ ಕೂತಿದ್ದವು. ಪಕ್ಕದಲ್ಲಿ ನಾಲ್ಕು ಖಾಲಿ ಕಟ್ಟೆಗಳು. ಎರಡು ವರ್ಷದ ಹಿಂದೆ ಅಲ್ಲೆಲ್ಲ ಪೆಟ್ಟಿಗೆಗಳಿದ್ದವು. ಮರಿಹುಳುಗಳಿಗೆ ರೋಗ ಬಂದು ಒಂದರ ಹಿಂದೆ ಒಂದು ನಾಲ್ಕೂ ಹೋದವು. ಇದೊಂದನ್ನು ಮಂಜುಳೆ ಸಕ್ಕರೆ ನೀರು ಕೊಟ್ಟು, ಎರಿಗಳನ್ನು, ಅಂದರೆ ಮೇಣದ ತಟ್ಟಿಗಳನ್ನು, ಬದಲಿಸಿ, ಹಟ ಹಿಡಿದು ಉಳಿಸಿಕೊಂಡಿದ್ದಳು.

“ಇದೂ ಹೊಂಟೋದ್ರೆ ನಂಗೆ ಇನ್ ಜೇನಿನ ಸವಾಸ ಬ್ಯಾಡ ಅತ್ತಿಗೆ” ಅಂದಳು. “ಇನ್ನೊಂದ್ ಸಲ ಮೊದ್ಲಿಂದ ಶುರು ಮಾಡೋ ತಾಕತ್ತಿಲ್ಲ.”

ಅವಳು ಇದನ್ನು ನಗುತ್ತಲೇ ಹೇಳಿದಳು. ಆದರೆ ಅವಳನ್ನು ಲಂಗ ಹಾಕುವ ವಯಸ್ಸಿನಿಂದ ನೋಡಿದ ನನಗೆ ಅದು ಖಾಲಿ ಮಾತಲ್ಲವೆಂದು ಗೊತ್ತಾಯಿತು. ಕೂಡಲೇ ಮುಚ್ಚಳ ತೆಗೆದು ನೋಡೋಣ ಅಂದೆ. ಅವಳು ಒಪ್ಪಲಿಲ್ಲ. ಈ ಮನೆಯಲ್ಲಿ ಪೆಟ್ಟಿಗೆ ತೆರೆಯುವುದು ಭಾನುವಾರ ಮಾತ್ರ. ಶೀನಪ್ಪನಿಗೆ ಅವತ್ತು ರಜೆ. ಅವನು ಎರಿ ಕಟ್ಟಿದ ಮರದ ಚೌಕಟ್ಟು ಎತ್ತಿ ನೋಡಿ ಹೇಳುತ್ತಾನೆ, ಅವಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಅಡುಗೆಮನೆಯ ಗೋಡೆಯ ತಮಿಳು ಕ್ಯಾಲೆಂಡರಿನಲ್ಲಿ ಅವನ ಶಿಫ್ಟು ಕೆಂಪಿನಲ್ಲಿ, ಜೇನು ನೋಡುವ ದಿನ ನೀಲಿಯಲ್ಲಿ ಗುರುತಾಗಿರುತ್ತದೆ. ನಾನು ಆ ಹಾಳೆಗಳನ್ನು ಮಗುಚಿದೆ. ಹಿಂದಿನ ಭಾನುವಾರಕ್ಕೆ ನೀಲಿ ಗುರುತೇ ಇರಲಿಲ್ಲ.

“ಪೊಂಗಲ್‌ಗೆ ಜಾಸ್ತಿ ಒಂದಿನ ರಜ ಕೊಟ್ಟಿದ್ರಲ್ಲ, ಅದ್ಕೆ ಹೋದ್ ಭಾನ್ವಾರ ಡ್ಯೂಟಿ ಇಟ್ಬುಟ್ರು” ಅಂದಳು.

ಅಂದರೆ ಪೆಟ್ಟಿಗೆ ತೆರೆದು ಹದಿಮೂರು ದಿನವಾಗಿತ್ತು. ಜೇನು ಪಾಲಾಗುವ ಮುನ್ನ ಎರಿಯ ಕೆಳಅಂಚಿನಲ್ಲಿ ಹೊಸ ರಾಣಿಗಳಿಗಾಗಿ ಬೇರೆಯೇ ಕೋಣೆ ಕಟ್ಟುತ್ತವೆ, ಬೆರಳ ತುದಿಯಷ್ಟು ದಪ್ಪ, ಕೆಳಮುಖವಾಗಿ. ಅದೇ ರಾಣಿಕೋಶ. ಅದರಲ್ಲಿ ಮೊಟ್ಟೆ ಇಟ್ಟ ಎಂಟು ದಿನಕ್ಕೆ ಬಾಯಿ ಮುಚ್ಚುತ್ತವೆ. ಬಾಯಿ ಮುಚ್ಚಿತೆಂದರೆ ಹಳೆಯ ರಾಣಿ ಗಂಟುಮೂಟೆ ಕಟ್ಟಿತೆಂದೇ ಅರ್ಥ. ವಾರಕ್ಕೊಮ್ಮೆ ನೋಡಿದರೆ ಕೈಗೆ ಸಿಗುತ್ತದೆ, ಎರಡು ವಾರ ಬಿಟ್ಟರೆ ಇಲ್ಲ. ಇದು ನನಗೆ ಗೊತ್ತಿತ್ತು. ಆದರೂ ನೆಂಟರ ಮನೆಯಲ್ಲಿ ಎಷ್ಟು ಅಂತ ಬಾಯಿ ಮಾಡುವುದು, ನಾಳೆಯೇ ಭಾನುವಾರವಲ್ಲ ಅಂತ ಸುಮ್ಮನಾದೆ.

ಭಾನುವಾರ ಹತ್ತು ಗಂಟೆಗೆ, ಬಿಸಿಲು ಏರಿದ ಮೇಲೆ, ಹೊಗೆ ಹಾಕಿ ಮುಚ್ಚಳ ತೆಗೆದೆವು. ಶೀನಪ್ಪ ಮುಖಕ್ಕೆ ಪರದೆ ಹಾಕಿಕೊಂಡಿದ್ದ. ಮಂಜುಳೆ ಸೆರಗನ್ನೇ ಸುತ್ತಿಕೊಂಡು ನೋಟ್‌ಬುಕ್ಕು ಹಿಡಿದಿದ್ದಳು. ಎಂಟು ಚೌಕಟ್ಟೂ ತುಂಬಿದ್ದವು. ಎರಡನೆಯದನ್ನು ಎತ್ತಿ ಮಗುಚಿದ ಕೂಡಲೇ ಅಂಚಿನಲ್ಲಿ ಮೂರು ರಾಣಿಕೋಶ ತೂಗುತ್ತಿದ್ದವು. ಮೂರಕ್ಕೂ ಬಾಯಿ ಮುಚ್ಚಿತ್ತು.

“ಶೀನಪ್ಪ, ತಕ್ಷಣ ಕತ್ತರಿಸು. ಇವತ್ತೋ ನಾಳೆಯೋ ಹಾರಿ ಹೋಗ್ತವೆ” ಅಂದೆ. ನನ್ನ ಲೆಕ್ಕ ಸರಳವಾಗಿತ್ತು. ಕೋಶಗಳನ್ನೆಲ್ಲ ತೆಗೆದರೆ ಪಾಲಾಗುವುದು ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ರಾಣಿಯನ್ನು ಹುಡುಕಿ, ಅರ್ಧ ಹುಳುವಿನ ಜೊತೆ ನನ್ನ ಪೆಟ್ಟಿಗೆಗೆ ಹಾಕುವುದು. ಉಳಿದರ್ಧ ಎರಿಯಲ್ಲಿರುವ ಎಳೆ ಮೊಟ್ಟೆಗಳಿಂದ ತಾವೇ ಹೊಸ ರಾಣಿ ಮಾಡಿಕೊಳ್ಳುತ್ತವೆ. ತರಬೇತಿಯಲ್ಲಿ ಹೀಗೇ ಹೇಳಿದ್ದರು.

“ಮೊದ್ಲು ರಾಣಿ ಅವ್ಳಾ ಇಲ್ವಾ ನೋಡಣ” ಅಂದಳು ಮಂಜುಳೆ.

“ಇಷ್ಟು ಹುಳ ಇದಾವೆ, ರಾಣಿ ಇಲ್ದೆ ಎಲ್ಲಿಗೆ ಹೋಗ್ತಾಳೆ? ನೀನು ಬರ್ಕೊ” ಅಂದೆ ನಾನು.

ಶೀನಪ್ಪನಿಗೆ ಒಂದು ಕೆಲಸ ಹಿಡಿದರೆ ಕಾರ್ಖಾನೆಯ ಕೈಯೇ ಬರುವುದು. ಚಾಕುವಿನಿಂದ ಒಂದೊಂದೇ ಕೋಶ ಕತ್ತರಿಸಿ, ಹಿತ್ತಾಳೆ ತಟ್ಟೆಗೆ ಹಾಕಿ, ಚಾಕುವಿನ ಹಿಡಿಯಿಂದ ಅಲ್ಲೇ ಅದುಮಿ ಜಜ್ಜಿದ. ಜಜ್ಜುವುದು ಯಾಕೆ ಅಂತ ಕೇಳಿದೆ. “ರಿಜೆಕ್ಟ್ ಆಗಿದ್ದು ತಿರ್ಗ ಲೈನಿಗೋಗ್ಬಾರ್ದು ಅಕ್ಕ. ನಮ್ತಾವ ಅದೇ ರೂಲು” ಅಂದ. ಒಂದು, ಎರಡು, ಐದು, ಎಂಟು. ಮಂಜುಳೆ ನಡುವೆ ಇನ್ನೊಂದು ಸಲ “ರಾಣೀನ ನೋಡ್ರಿ” ಅಂದಳು. ನಾನು “ಆಯ್ತಮ್ಮ, ಇದೊಂದು ಮುಗೀಲಿ” ಅಂದೆ. ತಟ್ಟೆಯಲ್ಲಿ ಒಂಬತ್ತು ಆದವು.

ಆಮೇಲೆ ರಾಣಿಯನ್ನು ಹುಡುಕಿದೆವು. ಎಂಟು ಚೌಕಟ್ಟನ್ನು ಎರಡೆರಡು ಸಲ, ಎರಡೂ ಕಡೆ ನೋಡಿದೆವು. ರಾಣಿ ಇಲ್ಲ. ಮಂಜುಳೆ ನೋಟ್‌ಬುಕ್ಕು ಕೆಳಗಿಟ್ಟು ಒಂದು ಚೌಕಟ್ಟನ್ನು ಬಿಸಿಲಿಗೆ ಹಿಡಿದು, ಎರಿಯ ಆರುಮೂಲೆಯ ಕಣಗಳ ಒಳಗೆ ಇಣುಕಿದಳು. “ಮೊಟ್ಟೆ ಇಲ್ಲ ಅತ್ತಿಗೆ” ಅಂದಳು. “ಎಲ್ಲಾ ದಪ್ಪ ಮರಿಹುಳ. ನಾಕೈದ್ ದಿನದಿಂದ ಇಲ್ಲಿ ಯಾರೂ ಮೊಟ್ಟೆ ಇಟ್ಟಿಲ್ಲ.”

ರಾಣಿ ಆಗಲೇ ಹೋಗಿತ್ತು. ಹೋಗುವಾಗ ಅದು ಹಿಂದೆ ಬಿಟ್ಟದ್ದು ಈ ಕೋಶಗಳನ್ನೇ. ಇವುಗಳಲ್ಲಿ ಒಂದು ಹೊರಬಂದು ಮನೆ ನಡೆಸಬೇಕಿತ್ತು. ಇನ್ನೊಂದಿಷ್ಟು ಹುಳುವನ್ನು ಒಂದು ಕೋಶದ ಜೊತೆ ನನ್ನ ಪೆಟ್ಟಿಗೆಗೆ ಹಾಕಿದ್ದರೆ ಅದೂ ಒಂದು ಕುಟುಂಬವಾಗುತ್ತಿತ್ತು. ಒಂದು ರಾಣಿ ಬೇಕೆಂದು ನೂರು ಕಿಲೋಮೀಟರು ಬಂದವಳು ಒಂಬತ್ತು ರಾಣಿಯರನ್ನು ತಟ್ಟೆಗೆ ಹಾಕಿಸಿದ್ದೆ. ಮೊಟ್ಟೆಯಿಲ್ಲದ್ದರಿಂದ ಇನ್ನು ಹೊಸದನ್ನು ಮಾಡಿಕೊಳ್ಳುವ ದಾರಿಯೂ ಅವಕ್ಕಿರಲಿಲ್ಲ. ರಾಣಿಯಿಲ್ಲದ ಕುಟುಂಬ ಒಂದೂವರೆ ತಿಂಗಳಲ್ಲಿ ಮುದಿಯಾಗಿ ಮುಗಿಯುತ್ತದೆ.

“ಯಾವಾಗ ಹೋಯ್ತು? ನಾನು ದಿನಾ ನೋಡ್ತಾನೇ ಇದ್ದೆ” ಅಂದಳು ಮಂಜುಳೆ. ಯಾರಿಗೂ ಗೊತ್ತಿರಲಿಲ್ಲ. ಆಗ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಪಾಪಮ್ಮ, ತಲೆ ಎತ್ತದೆ, “ಸೋಮಾರ” ಅಂದರು.

ಸೋಮವಾರ ಮಂಜುಳೆ ಟೊಮೇಟೊ ಹಾಕಲು ರಾಯಕೋಟೆಯ ಮಂಡಿಗೆ ಹೋಗಿದ್ದಳು. ಮಧ್ಯಾಹ್ನ ಹುಳುಗಳೆಲ್ಲ ಎದ್ದು ನುಗ್ಗೆಮರದ ಮೇಲೆ ಸುತ್ತಿದವಂತೆ. ಪಾಪಮ್ಮ ತಟ್ಟೆ ಬಡಿದರಂತೆ, ಮಣ್ಣು ಎರಚಿದರಂತೆ. ಅವು ಕೂರಲಿಲ್ಲ. ರಾಯಕೋಟೆ ಬೆಟ್ಟದ ಕಡೆಗೆ ಹೋಗೇಬಿಟ್ಟವಂತೆ.

“ಯಾಕತ್ತೆ ಹೇಳ್ನಿಲ್ಲ ನೀವು?” ಮಂಜುಳೆಯ ದನಿ ಒಡೆದಿತ್ತು.

“ಹೇಳಿದ್ರೆ ನೀನು ಅವತ್ ಉಣ್ತಿದ್ದೇನಮ್ಮಿ? ನಾಕ್ ಪೆಟ್ಗೆ ಹೋದಾಗ ಎಂಟ್ ದಿನ ನೀನ್ ಕೂಳ್ ಮುಟ್ನಿಲ್ಲ. ನಾನ್ ನೋಡಿವ್ನಿ.” ಪಾಪಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಬಾಗ್ಲ ತುಂಬ ಹುಳ ಇದ್ವಲ್ಲ, ಏನೂ ಆಗಿಲ್ಲ ಬುಡು ಅನ್ಕಂಡೆ.”

ಯಾರನ್ನು ಬಯ್ಯುವುದು? ಮುದುಕಿ ಸೊಸೆಯ ಹೊಟ್ಟೆ ನೋಡಿದ್ದರು. ಶೀನಪ್ಪ ಹಿರಿಯಳ ಮಾತು ಕೇಳಿದ್ದ. ಮಂಜುಳೆ ಎರಡು ಸಲ ಹೇಳಿದ್ದಳು. ಉಳಿದವಳು ನಾನು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಎಲ್ಲಾ ಚೌಕಟ್ಟೂ ಮತ್ತೆ ತೆಗಿ ಶೀನಪ್ಪ. ಎಲ್ಲಾದ್ರೂ ಒಂದು ಕೋಶ ಉಳಿದಿದ್ಯಾ ನೋಡು” ಅಂದೆ.

“ನಾನ್ ಬುಟ್ಟಿರಲ್ಲ ಅಕ್ಕ” ಅಂದ ಅವನು. ಹೆಮ್ಮೆಯಲ್ಲ, ಅಳು ಬರುವ ಹಾಗಿತ್ತು ಅವನ ಮುಖ. ಆದರೂ ತೆಗೆದ. ಮೊದಲನೆಯದರಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ, ಮೂರು, ನಾಲ್ಕು ಇಲ್ಲ. ಐದನೆಯದರ ಪಕ್ಕದ ಕಡ್ಡಿಗೂ ಎರಿಗೂ ನಡುವೆ ಅರ್ಧ ಇಂಚಿನ ಸಂದಿನಲ್ಲಿ ಹುಳುಗಳು ಗುಂಪುಗಟ್ಟಿದ್ದವು. ಮಂಜುಳೆ ಮೆಲ್ಲಗೆ ಊದಿದಳು. ಹುಳುಗಳು ಸರಿದವು. ಒಳಗೆ, ಎರಿಯ ಬಣ್ಣದಲ್ಲೇ ಅಡಗಿ, ಒಂದು ಕೋಶ ಇತ್ತು. ಅದರ ತುದಿಯ ಮೇಣವನ್ನು ಹುಳುಗಳು ಕೆರೆದು ತೆಗೆದು, ಕಂದು ಪೊರೆ ಕಾಣುತ್ತಿತ್ತು. ಒಳಗಿನ ರಾಣಿ ಬಲಿತು, ಒಂದೆರಡು ದಿನದಲ್ಲಿ ಹೊರಬರುವ ಗುರುತು ಅದು.

ಶೀನಪ್ಪ, “ಹನ್ನೆಲ್ಡ್ ವರ್ಷದಲ್ಲಿ ಇದೇ ಮೊದ್ಲು ನನ್ ಕಣ್ ತಪ್ಸಿದ್ದು” ಅಂದ. ಮಂಜುಳೆಗೆ ಕಣ್ಣೀರೂ ನಗುವೂ ಒಟ್ಟಿಗೇ ಬಂದವು. ಚೌಕಟ್ಟನ್ನು ಅಲುಗಿಸದೆ ಕೆಳಗಿಳಿಸಿ, ಮುಚ್ಚಳ ಮುಚ್ಚಿ, ಮೇಲೆ ಕಲ್ಲು ಹೇರಿದೆವು. ತಟ್ಟೆಯಲ್ಲಿದ್ದದ್ದನ್ನು ಪಾಪಮ್ಮ ಕೋಳಿಗಳಿಗೆ ಸುರಿದರು. ನನ್ನ ಪೆಟ್ಟಿಗೆಯ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಉಳಿದ ಒಂದೇ ಕೋಶವನ್ನು ಇಬ್ಬರಿಗೆ ಹಂಚುವಂತಿರಲಿಲ್ಲ.

ಸೋಮವಾರ ಹಿಂದಿರುಗಬೇಕಾಗಿದ್ದವಳು ಉಳಿದುಕೊಂಡೆ. ಅಂಗಡಿಯ ಗಿರಾಕಿಗಳಿಗೆ ಫೋನಿನಲ್ಲಿ ಸುಳ್ಳು ಜ್ವರ ಹೇಳಿದೆ. ಶೀನಪ್ಪ ಮೊದಲ ಶಿಫ್ಟಿಗೆ ಬೆಳಕು ಹರಿಯುವ ಮೊದಲೇ ಹೋಗಿದ್ದ. ಪೆಟ್ಟಿಗೆ ತೆರೆಯುವಂತಿಲ್ಲ, ಬಲಿತ ಕೋಶಕ್ಕೆ ಅಲುಗಾಟ ಆಗದು. ಮಂಜುಳೆ ಅರ್ಧ ಗಂಟೆಗೊಮ್ಮೆ ಹೋಗಿ ಪೆಟ್ಟಿಗೆಗೆ ಕಿವಿ ಹಚ್ಚಿ ಬರುತ್ತಿದ್ದಳು. ರಾಣಿಯಿಲ್ಲದ ಮನೆಯ ಸದ್ದು ಬೇರೆ. ಒಂದೇ ಸಮನೆ ಗುಂಯ್‌ಗುಡುವ ಬದಲು ಎದ್ದು ಬಿದ್ದು ನರಳಿದ ಹಾಗಿರುತ್ತದೆ. ನಾನೂ ಕಿವಿ ಹಚ್ಚಿ ಕೇಳಿದೆ, ಕೇಳಿ ಇನ್ನಷ್ಟು ಕುಗ್ಗಿದೆ. ಹತ್ತು ಗಂಟೆಗೆ ಪಾಪಮ್ಮ ನಮ್ಮಿಬ್ಬರನ್ನೂ ನೋಡಲಾರದೆ, “ಅಕ್ಕಯ್ಯ, ನೀನಾದ್ರೂ ಎಲ್ಲಾದ್ರೂ ಹೋಗ್ಬುಟ್ ಬಾ ತಾಯಿ” ಅಂದರು.

ಹಾಗಾಗಿ ರಾಯಕೋಟೆಗೆ ಹೋದೆ. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಊರ ಮೇಲೆ ಬೋಳು ಬಂಡೆಯ ಬೆಟ್ಟ, ಅದರ ಮೇಲೆ ಹಳೆಯ ಕೋಟೆ. ಕೋಟೆ ನೋಡಲು ಬಂದವಳೆಂದು ನನಗೆ ನಾನೇ ಹೇಳಿಕೊಂಡರೂ ಮೆಟ್ಟಿಲು ಹತ್ತುವಾಗ ನನ್ನ ಕಣ್ಣೆಲ್ಲ ಬಂಡೆಯ ಬಿರುಕುಗಳ ಮೇಲೇ ಇತ್ತು. ಹೋದ ಹುಳುಗಳು ಇಲ್ಲೇ ಎಲ್ಲಾದರೂ ಕೂತಿರಬಹುದೆಂಬ ಹುಚ್ಚು. ಮಂಡಿನೋವಿನಿಂದ ಅರ್ಧ ಬೆಟ್ಟಕ್ಕೇ ಏದುಸಿರು ಬಂತು. ಎತ್ತರದ ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನಿನ ನಾಲ್ಕು ದೊಡ್ಡ ತಟ್ಟಿಗಳು ತೂಗುತ್ತಿದ್ದವು. ನಮ್ಮದು ಅದಲ್ಲ. ಕುರುಚಲ ನೆರಳಲ್ಲಿ ಆಡು ಮೇಯಿಸುತ್ತ ಕೂತಿದ್ದ ಹೆಂಗಸು ಏನು ಹುಡುಕುತ್ತಿ ಅಂತ ತೆಲುಗಿನಲ್ಲಿ ಕೇಳಿದಳು. ನಾನು ಗೊತ್ತಿದ್ದಷ್ಟು ಹೇಳಿದೆ, ಉದ್ದನಪಲ್ಲಿಯಿಂದ ಜೇನು ಓಡಿಹೋಗಿದೆ ಅಂತ.

ಅವಳು ಕನ್ನಡಕ್ಕೆ ಹೊರಳಿಕೊಂಡು, ತುಂಬ ಯೋಚಿಸಿ ಕೇಳಿದಳು. “ನಿಮ್ ಜೇನಿಗೆ ಗುರುತೇನಕ್ಕ?”

ನನಗೆ ನಗು ತಡೆಯಲಾಗಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ನಕ್ಕೆ. ಅವಳೂ ನಕ್ಕಳು. ಚೀಲದಲ್ಲಿದ್ದ ಕಿತ್ತಳೆ ಹಣ್ಣನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಅಲ್ಲಿಂದ ಕೆಳಗೆ ನೋಡಿದರೆ ಹೂ ಬಿಟ್ಟ ಮಾವಿನ ತೋಪುಗಳು, ಕೆರೆ, ಟೊಮೇಟೊ ಹೊಲ, ರೈಲು ದಾರಿ ಎಲ್ಲ ಕಾಣುತ್ತಿತ್ತು. ಹೋದವು ಹೋದವು, ಇಷ್ಟು ಹೂವಿನ ನಡುವೆ ಎಲ್ಲೋ ಬದುಕಿಕೊಳ್ಳುತ್ತವೆ ಅನ್ನಿಸಿತು. ಅವುಗಳ ಮೇಲಿನ ಬೇಸರ ಅಲ್ಲೇ ಬಿಟ್ಟೆ. ಕೆಳಗಿಳಿದು, ಮಂಡಿಯ ಎದುರಿನ ಅಂಗಡಿಯಲ್ಲಿ ಬಿಸಿ ಬೋಂಡಾ ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಹಿಂದಿರುಗಿದೆ.

ಮಂಗಳವಾರ ಶೀನಪ್ಪ ಕಾರ್ಖಾನೆಗೆ ಅರ್ಧ ದಿನದ ರಜೆ ಹಾಕಿದ್ದ. ಭಾನುವಾರವಲ್ಲದ ದಿನ ಈ ಮನೆಯಲ್ಲಿ ಪೆಟ್ಟಿಗೆ ತೆರೆದದ್ದು ಅದೇ ಮೊದಲು. ಎಂಟೂವರೆಗೇ ಹೊಗೆ ಹಚ್ಚಿದೆವು. ಪಾಪಮ್ಮನೂ ಅವರೆಕಾಯಿ ಬಿಟ್ಟು ಬಂದು ನಿಂತರು. ಶೀನಪ್ಪ ಐದನೇ ಚೌಕಟ್ಟನ್ನು ಎಳೆಗೂಸನ್ನು ಎತ್ತುವ ಹಾಗೆ ಎತ್ತಿದ. ಕೋಶದ ತುದಿ ದುಂಡಗೆ, ಕತ್ತರಿಯಲ್ಲಿ ಕತ್ತರಿಸಿದಷ್ಟು ಅಚ್ಚುಕಟ್ಟಾಗಿ ತೆರೆದಿತ್ತು. ಮುಚ್ಚಳ ಒಂದು ಕಡೆ ಅಂಟಿಕೊಂಡು ನೇತಾಡುತ್ತಿತ್ತು. ಒಳಗೆ ಖಾಲಿ. ಪಕ್ಕ ಹರಿದಿದ್ದರೆ ಬೇರೆ ಹುಳು ಕೊಂದಿದೆ ಅಂತ. ತುದಿ ಹೀಗೆ ತೆರೆದಿದ್ದರೆ ರಾಣಿ ತಾನೇ ಹೊರಬಂದಿದೆ ಅಂತ.

“ಬಂದವ್ಳೆ” ಅಂದಳು ಮಂಜುಳೆ. ಅಷ್ಟೇ. ಮೂರನೇ ಚೌಕಟ್ಟಿನಲ್ಲಿ ಅವಳೇ ಕಂಡುಹಿಡಿದಳು. ಹೊಸ ರಾಣಿ ಇನ್ನೂ ತೆಳ್ಳಗಿತ್ತು, ಬೆಳಕು ಬಿದ್ದ ಕೂಡಲೇ ಹುಳುಗಳ ನಡುವೆ ತೂರಿಕೊಂಡು ಓಡಿತು. ಶೀನಪ್ಪ ನೋಡಬೇಕೆಂದು ಬಗ್ಗುವಷ್ಟರಲ್ಲಿ ಮಾಯ. ಪಾಪಮ್ಮ ಪೆಟ್ಟಿಗೆಗೆ ದೃಷ್ಟಿ ತೆಗೆದು, ಒಳಗೆ ಹೋಗಿ ನಮಗೆಲ್ಲ ಬೆಲ್ಲದ ಕಾಫಿ ಮಾಡಿದರು. ಆ ಕಾಫಿ ಕುಡಿಯುವಾಗ ನನಗೆ ಆದ ನೆಮ್ಮದಿಯನ್ನು ಹೇಗೆ ಬರೆಯಲಿ. ಕೊಲೆ ಮಾಡಿದವಳಿಗೆ, ಅಲ್ಲಮ್ಮ, ಅವರು ಬದುಕಿದ್ದಾರೆ ಅಂತ ಯಾರೋ ಬಂದು ಹೇಳಿದಂತಾಗಿತ್ತು.

ಆದರೂ ಮುಕ್ಕಾಲು ಪಾಲೇ ಆದದ್ದು. ಈ ರಾಣಿ ಇನ್ನು ಒಂದು ವಾರದಲ್ಲಿ ಬಿಸಿಲು ನೋಡಿ ಹೊರಗೆ ಹಾರಿ, ಗಂಡುನೊಣಗಳನ್ನು ಕೂಡಿ, ದಾರಿಯಲ್ಲಿ ಹಕ್ಕಿಯ ಬಾಯಿಗೆ ಬೀಳದೆ ಮನೆಗೆ ವಾಪಸಾಗಬೇಕು. ಆಮೇಲೆ ಮೊಟ್ಟೆ ಇಡಬೇಕು. ಮೊಟ್ಟೆ ಕಂಡ ದಿನವೇ ಮನೆ ಉಳಿಯಿತು ಅನ್ನಬಹುದು. ಹೋಗುವ ಮೊದಲು ಮಂಜುಳೆ ನನ್ನ ಖಾಲಿ ಪೆಟ್ಟಿಗೆಯನ್ನು ತೊಳೆದು ಒಂದು ಕಟ್ಟೆಯ ಮೇಲೆ ಇಟ್ಟಳು. “ಇಲ್ಲೇ ಇರ್ಲಿ ಬುಡಿ. ಇನ್ನೊಂದ್ ಹೂವಿನ ಕಾಲ ಬತ್ತದೆ” ಅಂದಳು. ಕ್ಷಮಿಸು ಅಂತ ಹೇಳಲು ಬಾಯಿ ತೆರೆದೆ. “ಅತ್ತಿಗೆ, ಸುಮ್ಕಿರಿ” ಅಂದಳು. ಹನ್ನೆರಡರ ಬಸ್ಸಿಗೆ ಬರಿಗೈಯಲ್ಲಿ ಹತ್ತಿದೆ. ಹೊಸೂರಿನಲ್ಲಿ ಎರಡನೇ ಶಿಫ್ಟಿನವರ ನಡುವೆ ನುಗ್ಗಿ, ಅತ್ತಿಬೆಲೆಯಲ್ಲಿ ಬಸ್ಸು ಬದಲಿಸಿ, ಕತ್ತಲಾಗುವ ಮೊದಲು ಊರು ಸೇರಿದೆ. ತಾರಸಿಗೆ ಹೋಗಿ ನೋಡಿದಾಗ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಹಾಗೇ ಇತ್ತು. ಬೇಜಾರಾಗಲಿಲ್ಲ.

ಮುಂದಿನ ಭಾನುವಾರ ಫೋನು ಮಾಡಿದೆ. ಮೊಟ್ಟೆ ಇಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಎರಡು ದಿನ ಮೋಡ ಮುಚ್ಚಿತ್ತಂತೆ, ರಾಣಿ ಹಾರಿದಳೋ ಇಲ್ಲವೋ ಗೊತ್ತಿಲ್ಲವಂತೆ. ಇನ್ನೊಂದು ವಾರ ನೋಡೋಣ ಅಂತ ಶೀನಪ್ಪ ಹೇಳಿದನಂತೆ. ಮಂಜುಳೆಯ ದನಿಯಲ್ಲಿ ಜೀವವಿರಲಿಲ್ಲ.

ನಾನು ಊರಿಗೆ ಮರಳಿದ ಹದಿನಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ, ಮಿಷನ್ನಿನ ಮುಂದೆ ಕೂತು ಒಂದು ತೋಳು ಕೂಡಿಸುತ್ತಿದ್ದಾಗ ಅವಳ ಫೋನು ಬಂತು. ದನಿ ಪಿಸುಗುಟ್ಟುವಂತಿತ್ತು, ಹಿಂದೆ ಹುಳುಗಳ ಗುಂಯ್ ಅನ್ನುವ ಸದ್ದು ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳುತ್ತಿತ್ತು.

“ಅತ್ತಿಗೆ, ಮೊಟ್ಟೆ. ಒಂದೊಂದ್ ಕಣಕ್ಕೆ ಒಂದೊಂದೇ. ಅಂಗೈಯಗಲ ಇಟ್ಟವ್ಳೆ.”

ಮಿಷನ್ನಿನಿಂದ ಕಾಲು ತೆಗೆದೆ. “ಶೀನಪ್ಪನ ಕೈಗೆ ಕೊಡು ಫೋನು” ಅಂದೆ.

“ಅವ್ರೆಲ್ಲವ್ರೆ? ಡ್ಯೂಟಿಗೋಗವ್ರೆ.”

“ಮತ್ತೆ ಚೌಕಟ್ಟು ಯಾರು ಹಿಡ್ಕೊಂಡಿದಾರೆ?”

“ನಾನೇ. ಇವತ್ತು ಗುರ್ವಾರ ಕಣತ್ತಿಗೆ, ಭಾನ್ವಾರದ್ ಗಂಟ ಯಾರ್ ಕಾಯ್ತಾರೆ?” ಅಂದಳು. “ಫೋನ್ ಇಡಿ, ಇಳಿಸ್ಬೇಕು. ನಂಗೆ ಎಲ್ಡ್ ಕೈಯೂ ಬೇಕು.”